ಸಹಿಗೆ ಮುಂಚೆ ಹೊಡೆದ ಗಂಟೆ

ಅಗ್ನಿಶಾಮಕ ದಳದಲ್ಲಿ ಗಾಯಗೊಂಡವರ ಮಕ್ಕಳಿಗೆ ಕಾಲೇಜು ಓದಲು ಸ್ಕಾಲರ್‌ಶಿಪ್ ಕೊಡುತ್ತಾರೆಂದು ತಿಳಿದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಘಾಟ್ಕೋಪರಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಅಪ್ಪ ಫೈರ್‌ಮನ್ ಆಗಿದ್ದ. ಗ್ರಾಂಟ್ ರೋಡಿನ ಒಂದು ಗೋದಾಮು ಹೊತ್ತಿಕೊಂಡಾಗ ಮರದ ಮೆಟ್ಟಿಲು ಕುಸಿದು ಅವನ ಎಡಗಾಲು ಮುರಿದಿತ್ತು. ಆಮೇಲೆ ಕೋಲಿಲ್ಲದೆ ನಡೆಯಲಾಗದೆ ಮನೆಯಲ್ಲೇ ಕೂತಿದ್ದ.

ಸ್ಕಾಲರ್‌ಶಿಪ್ಪಿನ ಸಂದರ್ಶನದ ಮರುದಿನವೇ ಕಾಲೇಜು ಸೇರಲು ಕಡೆಯ ದಿನ. ಅಷ್ಟರೊಳಗೆ ಅರ್ಜಿಗೆ ಅಗ್ನಿಶಾಮಕ ಠಾಣೆಯ ಸಾಹೇಬರ ಸಹಿ ಬೀಳದಿದ್ದರೆ ನಾನು ಸಾಂತಾಕ್ರೂಜಿನ ಸೋದರತ್ತೆಯ ಜೊತೆ ಹಪ್ಪಳ ಲಟ್ಟಿಸಲು ಕೂರಬೇಕಿತ್ತು. ಹಪ್ಪಳ ತಿನ್ನುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಲಟ್ಟಿಸುವುದೆಂದರೆ ಮೈಯೆಲ್ಲ ಉರಿಯುತ್ತಿತ್ತು.

ಫೈರ್ ಸ್ಟೇಷನ್ನಿನ ಮಹಡಿ ಕೋಣೆಯಲ್ಲಿ ಸಾಹೇಬರು ನನ್ನ ಮಾರ್ಕ್‌ಶೀಟ್ ನೋಡಿ, "ಗಣಿತ್ ಮೇ ಅಚ್ಛಾ ಹೈ" ಎಂದು ಮೆಚ್ಚಿದರು. ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಕೆಳಗೆ ಬೆಂಕಿಯ ಕರೆಗಂಟೆ ಹೊಡೆಯಿತು. ಸಾಹೇಬರು ಪೆನ್ನನ್ನು ಮೇಜಿನ ಮೇಲೆ ಬಿಟ್ಟು ಓಡಿದರು. ಅವರ ಹಿಂದೆಯೇ ನನ್ನ ಪಕ್ಕ ಕೂತಿದ್ದ ಅಪ್ಪನೂ ಎದ್ದ.

"ಅಪ್ಪಾ, ನೀ ಎಲ್ಲಿ ಹೊಂಟಿ?"

"ಗೇಟ್ ತೆಗೀಬೇಕಲ್ಲವ್ವಾ" ಎನ್ನುತ್ತ ಮೆಟ್ಟಿಲಿನ ಕಟಕಟೆ ಹಿಡಿದು ಇಳಿದೇಬಿಟ್ಟ.

ಕೋಲು ಕೋಣೆಯಲ್ಲೇ ಉಳಿಯಿತು. ಕೊಟ್ಟು ಬರಬಹುದಿತ್ತು. ಸಹಿ ನಿಂತುಹೋದ ಸಿಟ್ಟಿಗೆ ಕೊಡಲಿಲ್ಲ.

ಕಿಟಕಿಯಿಂದ ನೋಡಿದೆ. ಅಪ್ಪ ಕುಂಟುತ್ತಲೇ ಹೋಗಿ ಗೇಟು ತಳ್ಳಿ, ರಸ್ತೆಗೆ ಇಳಿದು, ಕೈ ಎತ್ತಿ ಒಂದು ಡಬಲ್‌ಡೆಕರ್ ಬಸ್ಸನ್ನೇ ನಿಲ್ಲಿಸಿದ. ಕೆಂಪು ಬಂಡಿ ಗಂಟೆ ಬಡಿಯುತ್ತ ಅವನ ಮುಂದೆ ಹಾದುಹೋಯಿತು. ಕಾಲು ಮುರಿದ ಮೇಲೆ ಆ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಸಿಟ್ಟಿನ ನಡುವೆಯೂ ನನಗೆ ಕೇಕೆ ಹಾಕಬೇಕೆನಿಸಿತು.

ಸಂಜೆಯಾಗುತ್ತ ಬಂತು. ಅಪ್ಪ ಗೇಟಿನ ಕಂಬ ಬಿಟ್ಟು ಕದಲಲಿಲ್ಲ. ಕೂರೆಂದು ಮೇಲಿನಿಂದ ಕೂಗಿದೆ. "ಏಳು ಮಂದಿ ಹೋಗ್ಯಾರ. ಬರ್ಲಿ ತಡಿ" ಎಂದ.

ಕೊನೆಗೂ ಗಂಟೆಯ ಸದ್ದು ಕೇಳಿದಾಗ ನಾನು ಪೆನ್ನು, ಅರ್ಜಿ ಬಾಚಿಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ಇಳಿದೆ. ಅಪ್ಪ ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸುತ್ತಿದ್ದ. ಏಳನೆಯವರು ಸಾಹೇಬರು, ಹುಬ್ಬಿನವರೆಗೆ ಮಸಿ. ಅವರು ನನ್ನನ್ನು ನೋಡಿದ್ದೇ ಕೈಚಾಚಿದರು. ಮೇಜೆಲ್ಲಿದೆ ಅಲ್ಲಿ? ಅಪ್ಪ ತಾನಾಗಿಯೇ ಬಾಗಿ ಬೆನ್ನು ಕೊಟ್ಟ. ಸಾಹೇಬರು ಅದರ ಮೇಲೆ ಕಾಗದ ಇಟ್ಟರು.

"ಹಿಲೋ ಮತ್, ಯಾರ್" ಎಂದು ಅಲುಗದಿರಲು ಹೇಳಿದರು.

"ಮೈ ನಹೀ ಸಾಬ್, ಪಾಂವ್ ಹಿಲ್ತಾ ಹೈ." ಅಲುಗುತ್ತಿರುವುದು ತಾನಲ್ಲ, ಕಾಲು ಎಂದ ಅಪ್ಪ.

ನೋಡಿದರೆ ಅವನ ಎಡಗಾಲು ತೊಡೆಯಿಂದ ಹಿಮ್ಮಡಿಯವರೆಗೆ ಗಡಗಡ ನಡುಗುತ್ತಿತ್ತು. ಮಧ್ಯಾಹ್ನದಿಂದ ನಿಂತೇ ಇದ್ದ. ಕೋಲು ಮೇಲೆಯೇ ಇತ್ತು. ನಾನು ನೆಲದ ಮೇಲೆ ಕುಕ್ಕರಿಸಿ, ಸಹಿ ಮುಗಿಯುವವರೆಗೆ ಆ ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡೆ.