ಕಾಲುವೆಯಲ್ಲಿ ನಿಂತ ಮೂವತ್ತೊಂದು ಮರ

ದುರ್ಗಯ್ಯ ತೀರಿಕೊಂಡು ಮೂರು ತಿಂಗಳಾಯಿತು. ಅವನನ್ನು ನೆನೆದಾಗಲೆಲ್ಲ ಮುಖಕ್ಕಿಂತ ಮೊದಲು ಕಣ್ಣಿಗೆ ಬರುವುದು ಅವನ ಸೈಕಲ್ಲಿನ ಹ್ಯಾಂಡಲ್ಲಿಗೆ ನೇತಾಡುತ್ತಿದ್ದ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ. ನಮ್ಮ ಪಂಚಾಯಿತಿಯಲ್ಲಿ ಅವನು ಇಪ್ಪತ್ತೆರಡು ವರ್ಷ ನೀರು ಬಿಟ್ಟ. ನಾನು ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ ಗ್ರಂಥಾಲಯ ನೋಡಿಕೊಳ್ಳುವವನು. ಒಂದೇ ಬೆಂಚಿನಲ್ಲಿ ಓದಿದವರು ನಾವು. ಏಳನೇ ಕ್ಲಾಸಿಗೆ ಅವನು ಶಾಲೆ ಬಿಟ್ಟ.

ನಮ್ಮ ದಬ್ಬೇಘಟ್ಟದ ಸುತ್ತಿನವರಿಗೆ ಅವನು ಕಾಯಿ ಹಿಡಿಯುವ ದುರ್ಗಯ್ಯ. ಬೋರ್ ಕೊರೆಸುವ ಮುನ್ನ ಅಂಗೈ ಮೇಲೆ ಜುಟ್ಟು ಬಿಟ್ಟ ತೆಂಗಿನಕಾಯಿ ಮಲಗಿಸಿಕೊಂಡು ತೋಟದಲ್ಲಿ ನಡೆಯುತ್ತಿದ್ದ. ಕೆಳಗೆ ನೀರಿದ್ದಲ್ಲಿ ಕಾಯಿ ತಾನೇ ಎದ್ದು ನಿಲ್ಲುತ್ತದೆಂಬುದು ನಮ್ಮ ಕಡೆಯ ನಂಬಿಕೆ. ನಾನು ನಂಬುತ್ತಿರಲಿಲ್ಲ. ಆದರೆ ಅವನ ಕೈಯಲ್ಲಿ ಕಾಯಿ ಎದ್ದು ನಿಂತದ್ದನ್ನು ನೋಡಿದ್ದೇನೆ.

ಇಪ್ಪತ್ತು ವರ್ಷಗಳ ಹಿಂದೆ ಮಳೆ ಕೈಕೊಟ್ಟಾಗ ಜನ ಅವನನ್ನು ಬೋರಿಗಲ್ಲದೆ ತೆಂಗಿನ ಸಸಿ ನೆಡುವ ಜಾಗ ತೋರಿಸುವುದಕ್ಕೂ ಕರೆದರು. ತೋಟಗಳ ನಡುವಿನ ಒಂದು ತಗ್ಗಿನಲ್ಲಿ ಕಾಯಿ ಹೆಜ್ಜೆಹೆಜ್ಜೆಗೂ ನಿಂತಿತಂತೆ. ಎಲ್ಲರೂ ಅಲ್ಲೇ ನೆಟ್ಟರು, ಅವನೂ ಮೂರು ನೆಟ್ಟ. ಊರಿನಲ್ಲಿ ಅಷ್ಟು ಕಾಯಿ ಬಿಡುವ ಮರಗಳು ಇನ್ನೊಂದು ಕಡೆ ಇಲ್ಲ. ಆ ತಗ್ಗು ಹಿಂದೆ ಕೆರೆಗೆ ನೀರು ತರುತ್ತಿದ್ದ ಕಾಲುವೆ ಎಂಬುದನ್ನು ಊರು ಮರೆತಿತ್ತು. ಅದರಲ್ಲಿ ನೀರು ಹರಿದದ್ದನ್ನು ಕಂಡವರು ಕಡಿಮೆ.

ಎರಡು ಸಾವಿರದ ಇಪ್ಪತ್ತೆರಡರ ಮಳೆ ಅದನ್ನು ನೆನಪಿಸಿತು. ಕೆರೆಗೆ ಹೋಗಬೇಕಾದ ನೀರು ಮರದ ಬುಡಗಳಿಗೂ ಬೇಲಿಗಳಿಗೂ ಬಡಿದು ಕೆಳಗಿನ ಬೀದಿಗೆ ನುಗ್ಗಿತು. ದುರ್ಗಯ್ಯನ ಅಕ್ಕ ರಂಗಕ್ಕನ ಹಿತ್ತಿಲ ಗೋಡೆ ಕುಸಿಯಿತು, ಮೂಟೆಯಲ್ಲಿದ್ದ ರಾಗಿ ಮೊಳಕೆಯೊಡೆಯಿತು. ಕೆರೆ ಅರ್ಧವೂ ತುಂಬಲಿಲ್ಲ. ಮರುವರ್ಷ ಮಳೆಯೇ ಇಲ್ಲ. ಕೆರೆಯಲ್ಲಿ ನೀರಿಲ್ಲದ ಮೇಲೆ ಬೋರುಗಳೂ ಒಂದೊಂದಾಗಿ ಕೈಬಿಟ್ಟವು. ಮುಳುಗಿಸಿದ್ದೂ ಒಣಗಿಸಿದ್ದೂ ಅದೇ ಒಂದು ಕಾಲುವೆ ಎಂದು ಮೊದಲು ಕಂಡುಕೊಂಡವನು ದುರ್ಗಯ್ಯ.

ಬದಲಾಗುತ್ತಿರುವ ಹವಾಮಾನಕ್ಕೆ ತಕ್ಕಂತೆ ಪಂಚಾಯಿತಿಯೇ ತನ್ನ ಯೋಜನೆ ಬರೆಯಬೇಕೆಂದು ಮೇಲಿನಿಂದ ಒಂದು ನಮೂನೆ ಬಂದದ್ದು ಆಗಲೇ. ಹಿಂದಿನ ವರ್ಷದ ಪಟ್ಟಿಯನ್ನೇ ನಕಲು ಮಾಡಿ ಕಳಿಸುವುದು ವಾಡಿಕೆ: ಸಿಮೆಂಟ್ ರಸ್ತೆ, ಚರಂಡಿ, ಬಸ್ ನಿಲ್ದಾಣಕ್ಕೆ ಬಣ್ಣ. ಹೊಸದಾಗಿ ಬಂದಿದ್ದ ಪಿಡಿಒ ಭವ್ಯಶ್ರೀ ಹಾಗೆ ಮಾಡಲಿಲ್ಲ. ಊರಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬತ್ತುತ್ತದೆ ಎಂದು ದುರ್ಗಯ್ಯನನ್ನು ಕೇಳಿದರು. ಅವನು ಮನೆಗೆ ಹೋಗಿ ಒಂದು ನೋಟ್‌ಬುಕ್ ತಂದ. ಎಂಟು ವರ್ಷ ಯಾವ ಬೋರು ಯಾವ ದಿನ ಎಷ್ಟು ಹೊತ್ತು ನೀರು ಕೊಟ್ಟಿತು, ಎಲ್ಲವೂ ಅದರಲ್ಲಿತ್ತು. ಪಕ್ಕದ ಕೋಣೆಯಲ್ಲಿ ಪುಸ್ತಕಗಳ ನಡುವೆ ಕೂತ ನನಗೂ ಅದು ಗೊತ್ತಿರಲಿಲ್ಲ.

ಸರ್ವೆಯರ್ ಬಂದು ಹಳೆಯ ನಕ್ಷೆ ಹಿಡಿದು ಅಳೆದಾಗ ಕಾಲುವೆಯಲ್ಲಿ ಮೂವತ್ತೊಂದು ಮರ ನಿಂತಿದ್ದವು. ಮೂರು ದುರ್ಗಯ್ಯನವು, ಹನ್ನೊಂದು ಬೇರೆಯವರವು. ಕೆರೆಗೆ ಹತ್ತಿರದ ಕೊನೆಯ ಹದಿನೇಳು ಬಸವರಾಜಪ್ಪನವರವು. ಅವರು ಊರಿಗೆಲ್ಲ ಹಿರಿಯರು, ಎರಡು ಸಲ ಪಂಚಾಯಿತಿ ಅಧ್ಯಕ್ಷರಾಗಿದ್ದವರು.

ಗ್ರಾಮಸಭೆಗೆ ಅವತ್ತು ಜನ ತುಂಬಿದ್ದರು. ಮರ ತೆಗೆದು ಕಾಲುವೆ ಬಿಡಿಸುವ ಯೋಜನೆಯನ್ನು ಭವ್ಯಶ್ರೀ ಓದಿ ಮುಗಿಸುವ ಮೊದಲೇ ಬಸವರಾಜಪ್ಪ ಎದ್ದರು.

"ಲೇ ದುರ್ಗ, ಕಾಯಿ ಹಿಡ್ಕಂಡು ಇಲ್ಲೇ ನೆಡಿ ಅಂದೋನು ನೀನೇ ಅಲ್ವೇನ್ಲಾ? ಈಗ ಕಡೀರಿ ಅಂತೀಯ. ನಿನ್ ಕಾಯಿ ಆಗ ಸುಳ್ ಹೇಳ್ತೋ, ಈಗ ಹೇಳ್ತೈತೋ?"

ಜನ ನಕ್ಕರು. ನಾನೂ ನಕ್ಕೆನೇನೋ. ದುರ್ಗಯ್ಯ ನಗು ನಿಲ್ಲುವವರೆಗೂ ಕಾದ.

"ಕಾಯಿ ಸುಳ್ ಹೇಳ್ಲಿಲ್ಲ ಕಣ್ರೀ ಯಜಮಾನ್ರೇ. ನೀರಿನ್ ದಾರಿ ತೋರ್ಸ್ತು. ಆ ದಾರೀಲಿ ಮರ ನೆಡ್ಸಿದ್ದು ನಾನು, ತಪ್ಪು ನಂದು. ಮೇಡಂ, ಮೊದ್ಲು ನನ್ ಮೂರು ಮರ ಬರ್ಕಳಿ."

ನಡಾವಳಿ ಪುಸ್ತಕದಲ್ಲಿ ಆ ಸಾಲು ಇವತ್ತಿಗೂ ಇದೆ. ಮೇಲೆ ಹೋಗಿ ಬಂದ ಪಟ್ಟಿಯಲ್ಲಿ ಮಾತ್ರ ಎಲ್ಲೋ ಯಾರೋ ಕಾಲುವೆ ತೆಗೆದು ಚರಂಡಿ ಸೇರಿಸಿದ್ದರು. ಅದನ್ನು ಸರಿ ಮಾಡಿಸಲು ನಾವಿಬ್ಬರೂ ನಾಲ್ಕು ಸಲ ತಾಲ್ಲೂಕು ಕಚೇರಿಗೆ ಬಸ್ ಹತ್ತಿದೆವು. ಪ್ರತಿ ಸಲವೂ ದುರ್ಗಯ್ಯ ಇಸ್ತ್ರಿ ಮಾಡಿದ ಅದೇ ನೀಲಿ ಅಂಗಿ ತೊಟ್ಟು ಬರುತ್ತಿದ್ದ. "ಅವ್ರು ಸಾಕ್ ಬುಡು ಅನ್ನೋ ತನಕ ಹೋಗ್ತಾ ಇರೋದು ಕಣ್ಲಾ" ಎನ್ನುತ್ತಿದ್ದ. ನಾಲ್ಕನೇ ಸಲ ಸಾಕೆಂದು ಕಾಲುವೆಯನ್ನು ಮತ್ತೆ ಪಟ್ಟಿಗೆ ಸೇರಿಸಿದರು.

ಫಲ ಬಿಡುವ ತೆಂಗನ್ನು ನಮ್ಮೂರಲ್ಲಿ ಕಡಿಯುವುದಿಲ್ಲ. ಕಡಿಯಲೇಬೇಕಾದರೆ ಮೊದಲ ಏಟು ಮರದ ಯಜಮಾನನೇ ಹಾಕಬೇಕು, ಇಲ್ಲದಿದ್ದರೆ ಯಾವ ಆಳೂ ಕೊಡಲಿ ಮುಟ್ಟುವುದಿಲ್ಲ. ದುರ್ಗಯ್ಯ ಚಪ್ಪಲಿ ಬಿಟ್ಟು, ಬುಡಕ್ಕೆ ಒಂದು ಬಿಂದಿಗೆ ನೀರು ಸುರಿದು, ಮೂರಕ್ಕೂ ಏಟು ಹಾಕಿದ. ಆ ಹನ್ನೊಂದು ಮರದವರು ನೋಡಿಕೊಂಡು ನೋಡಿಕೊಂಡು ಎರಡು ತಿಂಗಳಲ್ಲಿ ಒಪ್ಪಿದರು. ನರೇಗಾ ಕೆಲಸದವರು ಅಲ್ಲಿಯವರೆಗೂ ಹೂಳು ತೆಗೆದರು. ಬಸವರಾಜಪ್ಪನವರ ಬೇಲಿಯ ಬಳಿ ಕೆಲಸ ನಿಂತಿತು.

ಅರ್ಧ ತೆರೆದ ಕಾಲುವೆ ಮುಚ್ಚಿದ ಕಾಲುವೆಗಿಂತ ಅಪಾಯ. ಇನ್ನು ಮಳೆ ಬಂದರೆ ನೀರು ಮೊದಲಿಗಿಂತ ಜೋರಾಗಿ ಬಂದು, ಆ ಬೇಲಿಗೆ ಬಡಿದು, ನೇರ ರಂಗಕ್ಕನ ಬೀದಿಗೇ ಇಳಿಯುತ್ತದೆ. ಮುಂಗಾರಿಗೆ ಮುಂಚೆ ಮುಗಿಯಲೇಬೇಕಿತ್ತು. ದುರ್ಗಯ್ಯ ದಿನಾ ಬೆಳಿಗ್ಗೆ ನೀರು ಬಿಟ್ಟ ಮೇಲೆ ಬಸವರಾಜಪ್ಪನವರ ಜಗಲಿಯಲ್ಲಿ ಹೋಗಿ ಕೂರುತ್ತಿದ್ದ. ಕೇಳುತ್ತಿರಲಿಲ್ಲ. ಅವರು ಕಾಫಿ ಕೊಡಿಸುತ್ತಿದ್ದರು, ಹೂಂ ಅನ್ನುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ದಿನ ಹನ್ನೊಂದು ಗಂಟೆಗೆ ದುರ್ಗಯ್ಯ ಪಂಪ್ ಮನೆಯ ಬಾಗಿಲಲ್ಲಿ ಬಿದ್ದಿದ್ದ. ಡಾಕ್ಟರು ಹೃದಯ ಅಂದರು, ರಂಗಕ್ಕ ಬಿಸಿಲು ಅಂದಳು. ಕೀಲಿ ಕೈಯಲ್ಲೇ ಇತ್ತು.

ಹದಿನೈದು ದಿನ ನಾನು ಗ್ರಂಥಾಲಯದ ಬಾಗಿಲು ತೆಗೆದು ಸುಮ್ಮನೆ ಕೂತಿದ್ದೆ. ಸಾವಿನ ಬಗ್ಗೆ ಓದಿದ್ದು ಒಂದೂ ಉಪಯೋಗಕ್ಕೆ ಬರಲಿಲ್ಲ. ಹದಿನಾರನೆಯ ದಿನ ಅವನ ನೋಟ್‌ಬುಕ್ ಹಿಡಿದು ಬಸವರಾಜಪ್ಪನವರ ಜಗಲಿಗೆ ಹೋಗಿ ಅವನ ಜಾಗದಲ್ಲಿ ಕೂತೆ. ಕಾಫಿ ಬಂತು. ಮರುದಿನವೂ ಹೋದೆ. ಐದನೆಯ ದಿನ ಅವರೇ ಕೇಳಿದರು.

"ನೀನ್ಯಾಕಪ್ಪ ಬತ್ತೀಯ ಮೂರ್ತಿ? ನಿನ್ ಮರ ಇಲ್ಲ, ಮನೆ ಕೆಳಗಿನ್ ಬೀದೀಲಿಲ್ಲ."

ನೀವು ಸಾಕು ಅನ್ನುವವರೆಗೂ ಬರುತ್ತೇನೆ ಎಂದೆ. ನೋಟ್‌ಬುಕ್ ಬಿಚ್ಚಿ ಅವರ ಬೋರಿನ ಪುಟ ತೋರಿಸಿದೆ. ಕೆರೆಯಲ್ಲಿ ಇನ್ನೂ ಅಷ್ಟಿಷ್ಟು ನೀರಿದ್ದ ಮೊದಲ ವರ್ಷ ಏಳು ಗಂಟೆ ಓಡುತ್ತಿದ್ದ ಬೋರು ಈ ವರ್ಷ ಒಂದೂಕಾಲು ಗಂಟೆಗೆ ಬಂದಿತ್ತು. ಅವರು ಕನ್ನಡಕ ತರಿಸಿ ಬಹಳ ಹೊತ್ತು ನೋಡಿದರು.

"ನನ್ ಬೋರಿಂದೂ ಬರ್ದಿಟ್ಟವ್ನಲ್ಲ ಕಣಪ್ಪ" ಅಂದರು. ಕನ್ನಡಕ ತೆಗೆದಿಟ್ಟು, "ಬದುಕಿದ್ದಾಗ ಬೈದೆ. ಸತ್ತೋನ್ ಹತ್ರ ಎಂಥಾ ಹಠ. ಸೋಮವಾರ ಕರ್ಕಂಬಾ ಕೆಲ್ಸದೋರ್ನ."

ಸೋಮವಾರ ಅವರು ಚಪ್ಪಲಿ ಬಿಟ್ಟು ಬಂದರು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಹದಿನೇಳಕ್ಕೂ ತಾವೇ ಒಂದೊಂದು ಏಟು ಹಾಕಿದರು. ನಡುವೆ ಎರಡು ಸಲ ಕೂತು ಸುಧಾರಿಸಿಕೊಂಡರು, ಕೊಡಲಿಯನ್ನು ಮಗನಿಗೆ ಕೊಡಲಿಲ್ಲ.

ಮೇ ಕೊನೆಯಲ್ಲಿ ಒಂದೇ ಮಧ್ಯಾಹ್ನ ದೊಡ್ಡ ಮಳೆ ಬಂತು. ನೀರು ಕಾಲುವೆ ಹಿಡಿದು ಕೆರೆಗೆ ಹೋಯಿತು. ರಂಗಕ್ಕ ಅಂಗಳದಲ್ಲಿ ಕೊಡೆ ಹಿಡಿದು ನಿಂತು, ಬಾರದ ನೀರನ್ನು ಕತ್ತಲಾಗುವವರೆಗೂ ಕಾದಳಂತೆ.

ಮುಂದಿನ ತಿಂಗಳು ಮತ್ತೆ ಗ್ರಾಮಸಭೆ. ಪ್ರತಿ ಬೇಸಿಗೆಯಲ್ಲೂ ಕಾಲುವೆ ಶುಚಿ ಮಾಡಬೇಕೆಂಬ ಸಾಲನ್ನು ಭವ್ಯಶ್ರೀ ಯೋಜನೆಗೆ ಸೇರಿಸಿದ್ದಾರೆ. ಅದು ಮೇಲೆ ಹೋಗಿ ಹಾಗೆಯೇ ಕೆಳಗೆ ಬರುವಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ನನ್ನ ಹತ್ತಿರ ನೀಲಿ ಅಂಗಿ ಇಲ್ಲ, ಇರುವುದರಲ್ಲೇ ಒಂದಕ್ಕೆ ಇಸ್ತ್ರಿ ಮಾಡಿಸಿಟ್ಟಿದ್ದೇನೆ.