ಒಂದು ಸಲ ಕೂಗಿದರೆ ಸಾಕು

ನಮ್ಮ ಮೊಮ್ಮಗಳು ಶಿಲ್ಪ ಮಾಡಿದ ಪುಟ ವಾಪಸ್ಸು ಬಂದಿದೆ! ಕಂಪ್ಯೂಟರಿನಲ್ಲಿ ಹುಡುಕುವ ಜಾಗದಲ್ಲಿ ‘ಮಾವಿನ ಕಸಿ ಸಸಿ’ ಎಂದು ಕೇಳಿದರೆ ಇವತ್ತು ನಮ್ಮ ನರ್ಸರಿಯ ಹೆಸರು ಮೂರನೆಯದಾಗಿ ಕಾಣಿಸುತ್ತದೆ. ತಿಳಿದಾಗಿನಿಂದ ಈ ಸುದ್ದಿಯನ್ನು ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದ್ದೇನೆ, ಬಸ್ಸಿಗೆ ಕಾಯುತ್ತಿದ್ದವರಿಗೂ ಹೇಳಿದ್ದೇನೆ. ಒಬ್ಬ ಮುದುಕಿಯಂತೂ, “ಸದ್ಯ, ಸಿಕ್ತಲ್ಲಪ್ಪ. ಕರೂನೂ ಜೊತೇಲೇ ಇತ್ತಾ?” ಎಂದು ಕೇಳಿದಳು. ಹಸು ಎಂದುಕೊಂಡಿದ್ದಳು. ಇತ್ತು ಕಣಮ್ಮ ಎಂದುಬಿಟ್ಟೆ. ಸಂತೋಷದಲ್ಲಿ ಇರುವವನು ಎಷ್ಟು ಅಂತ ತಿದ್ದುತ್ತಾನೆ?

ಪುಟ ಕಳೆದುಹೋದದ್ದು ಯಾರಿಂದ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ನನ್ನಿಂದ.

ನಾನು ಮೂರನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟವನು. ಆಮೇಲೆ ಕೈಗೆ ಬಂದದ್ದು ಕಸಿ ಚಾಕು. ಶ್ರೀನಿವಾಸಪುರದಿಂದ ಒಳಗೆ, ಟಾರು ರಸ್ತೆ ಮುಗಿದ ಮೇಲೂ ಸ್ವಲ್ಪ ನಡೆಯಬೇಕಾದ ಊರು ನಮ್ಮದು. ಮಾವಿನ ವಾಟೆ, ಅಂದರೆ ಗೊರಟು, ನೆಟ್ಟು ಸಸಿ ಎಬ್ಬಿಸುವುದು, ಅದರ ತಲೆ ಕತ್ತರಿಸಿ ಬೇನಿಷಾನೋ ಮಲ್ಲಿಕಾನೋ ಒಳ್ಳೆಯ ಮರದ ಕುಡಿಯನ್ನು ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟುವುದು, ಇಷ್ಟೇ ನನ್ನ ವಿದ್ಯೆ. ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಕೊಂಡವನಿಗೆ ನಾವು ಕೊಟ್ಟದ್ದು ಏನು ಎಂದು ಗೊತ್ತಾಗುವುದು ನಾಲ್ಕೈದು ವರ್ಷದ ಮೇಲೆ, ಕಾಯಿ ಬಿಟ್ಟಾಗ. ಅಲ್ಲಿಯವರೆಗೆ ಅವನ ಹತ್ತಿರ ಇರುವುದು ನಮ್ಮ ಮಾತು ಮಾತ್ರ. ಅದಕ್ಕೇ ನಮ್ಮ ಕಡೆ ಒಂದು ಪದ್ಧತಿ. ಸಸಿ ಒಯ್ದವರು ಮೊದಲ ಫಸಲಿನಲ್ಲಿ ಒಂದು ಬುಟ್ಟಿ ಹಣ್ಣನ್ನು ಕಸಿ ಕಟ್ಟಿದವನ ಮನೆಗೆ ತಂದುಕೊಡುತ್ತಾರೆ. ಬುಟ್ಟಿ ಬಂದರೆ ಮಾತು ಉಳಿಯಿತು ಎಂದು ಲೆಕ್ಕ.

ಇಷ್ಟಿದ್ದೂ ನನಗೆ ಕೂಗುವ ಚಟ. ತೊಂಬತ್ತನೇ ಇಸವಿಯ ಆಸುಪಾಸಿನಲ್ಲಿ ಬಣ್ಣದ ಡಬ್ಬ ಹಿಡಿದು ಹೋಳೂರಿನ ಬಸ್ಸು ನಿಲ್ಲುವ ಗೋಡೆಯಿಂದ ಆವನಿ ದಾರಿಯ ಬಂಡೆಯವರೆಗೆ ನಮ್ಮ ನರ್ಸರಿಯ ಹೆಸರು ಬರೆದವನು ನಾನು. ಕ್ಯಾಲನೂರಿನಲ್ಲಿ ಒಬ್ಬರ ಕೊಟ್ಟಿಗೆ ಗೋಡೆಯ ಮೇಲೆ, ಬಣ್ಣ ಮಿಕ್ಕಿತ್ತು ಎಂಬ ಒಂದೇ ಕಾರಣಕ್ಕೆ, ಅದೇ ಹೆಸರನ್ನು ಏಳು ಸಲ ಬರೆದೆ. ಕೊಟ್ಟಿಗೆಯ ಯಜಮಾನ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಓದಿದ. “ಏನ್ಲಾ, ನಿನ್ ಗಿಡ ಅಷ್ಟೊಂದು ಸಾಯ್ತಾವಾ, ಹಿಂಗ್ ಬಾಯಿ ಬಡ್ಕೊಳ್ಳಾಕೆ?” ಅಂದ. ಆ ಮಾತು ಅವತ್ತೇ ತಲೆಗೆ ಹೋಗಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ವರ್ಷಗಳು ಕಳೆದವು. ಹೆದ್ದಾರಿಯ ಪಕ್ಕ ದೊಡ್ಡ ದೊಡ್ಡ ನರ್ಸರಿಗಳು ಎದ್ದವು. ಕಾರು ನಿಲ್ಲಿಸಿ ಸಸಿ ಕೊಳ್ಳುವವರು ನಮ್ಮ ಮಣ್ಣು ದಾರಿಗೆ ಯಾಕೆ ಇಳಿಯುತ್ತಾರೆ? ನನ್ನ ಮಗ ವೆಂಕಟೇಶ ಕಡ್ಡಿ ಮುರಿದಂತೆ ಹೇಳಿದ: “ಅಪ್ಪಾ, ಇನ್ನೊಂದು ವರ್ಷ ನೋಡ್ತೀನಿ. ಮುಂದಿನ ಮುಂಗಾರಿಗೂ ಜನ ಬರ್ದೇ ಇದ್ರೆ ಸಸಿ ಮಡಿ ಎಲ್ಲ ಕಿತ್ತು ಟೊಮೇಟೊ ಹಾಕ್ತೀನಿ.” ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಟೊಮೇಟೊ ಮೂರು ತಿಂಗಳಿಗೆ ಮಾತಾಡುತ್ತದೆ, ಮಾವು ಐದು ವರ್ಷ ಬಾಯಿ ಬಿಡುವುದಿಲ್ಲ. ಆದರೂ ನನಗೆ ಅವತ್ತು ಊಟ ಸೇರಲಿಲ್ಲ.

ಆಗ ಎದ್ದು ನಿಂತವಳು ಅವನ ಮಗಳು ಶಿಲ್ಪ. ಕೋಲಾರದಲ್ಲಿ ಬಿ.ಕಾಂ. ಓದುತ್ತಿದ್ದಳು. ಕಾಲೇಜು ಮುಗಿಸಿ ಬಸ್ಸು ಬರುವವರೆಗೆ ನೆಟ್ ಸೆಂಟರಿನಲ್ಲಿ ಕೂತು, ನಮ್ಮ ನರ್ಸರಿಗೆ ಒಂದು ಪುಟ ಕಟ್ಟಿದಳು. ಗುಂಡಿ ಎಷ್ಟು ಆಳ ತೆಗೆಯಬೇಕು, ವಾಟೆ ಸಸಿಗೂ ಕಸಿ ಸಸಿಗೂ ಗುರುತು ಹೇಗೆ, ಎಲ್ಲ ನನ್ನನ್ನೇ ಕೇಳಿ ಕೇಳಿ ಬರೆದುಕೊಂಡಳು. “ತಾತಾ, ನೀನು ಕಟ್ಟಿದ್ದರಲ್ಲಿ ಸಾಯೋದು ಎಷ್ಟು?” ಎಂದಳು. ಮನೆ ಹುಡುಗಿಯಲ್ಲವೇ, ನಿಜ ಹೇಳಿದೆ: ನೂರಕ್ಕೆ ಹತ್ತು. ಅದನ್ನೂ ಬರೆದುಬಿಟ್ಟಳು!

“ಲೇ, ನಮ್ ಅಂಗಡಿ ಮುಂದೆ ನಾವೇ ಕೂತು ಸರಕು ಸಾಯ್ತದೆ ಅಂತ ಕೂಗ್ತಾರೇನೇ?” ಎಂದು ಹಾರಾಡಿದೆ.

“ಕೂಗಿಲ್ಲ ತಾತಾ, ಬರ್ದಿದೀನಿ. ಓದೋರು ಓದ್ಕೋತಾರೆ, ಬಿಡು” ಎಂದಳು.

ಬಿಡುವ ಜಾತಿಯೇ ನಾನು? ಅವಳಿಗೆ ಪರೀಕ್ಷೆ ಬಂತು, ಪುಟದ ಕಡೆ ನೋಡಲಿಲ್ಲ. ಅದರ ಬೀಗದ ಗುಟ್ಟನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಆ ಪುಸ್ತಕವನ್ನೂ ಒಂದು ಚೀಲ ಬೇನಿಷಾ ಹಣ್ಣನ್ನೂ ಎತ್ತಿಕೊಂಡು ಕೋಲಾರದ ಬಸ್ಸು ಹತ್ತಿದೆ. ಅಲ್ಲಿ ಇಂಥ ಪುಟಗಳನ್ನು ಮೇಲೆ ತರುವುದರಲ್ಲೇ ಪಳಗಿದವನು ಎಂದು ಹೇಳಿಕೊಳ್ಳುವ ಒಬ್ಬ ಇದ್ದ. ಹಣ್ಣು ನೋಡಿ ಅವನಿಗೂ ಹುಮ್ಮಸ್ಸು ಬಂತು. ‘ಮಾವಿನ ಸಸಿ, ಮಾವಿನ ಸಸಿ’ ಎಂದು ನೂರು ಸಲ ತುಂಬಿದ. ಮಾಲೂರು, ಮುಳಬಾಗಿಲು ಎಂದು ಊರಿಗೊಂದು ಪುಟ ಮಾಡಿದ. ಹೆಸರು ಬೇರೆ, ಒಳಗೆಲ್ಲ ಅದೇ ಮಾತು. ಯಾರು ಯಾರದೋ ಪುಟಗಳಲ್ಲಿ ನಮ್ಮನ್ನು ಹೊಗಳುವ ಕೊಂಡಿಗಳನ್ನು ಸಿಕ್ಕಿಸಿದ. ಆ ಪುಟಗಳಲ್ಲಿ ಒಂದು ಕೂದಲೆಣ್ಣೆಯದ್ದಂತೆ. ಕೊನೆಗೆ ಬಿಳಿ ಬಯಲಿನ ಮೇಲೆ ಬಿಳಿ ಅಕ್ಷರದಲ್ಲಿ ಇನ್ನಷ್ಟು ಬರೆದ. “ಜನಕ್ಕೆ ಕಾಣ್ಸಲ್ಲ ಯಜಮಾನ್ರೇ, ಯಂತ್ರಕ್ಕೆ ಮಾತ್ರ ಕಾಣ್ಸುತ್ತೆ” ಎಂದ. ಸುಣ್ಣದ ಗೋಡೆಯ ಮೇಲೆ ಸುಣ್ಣದಲ್ಲೇ ಬರೆಯುವ ಉಪಾಯ ನನಗೆ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು. ಅವಳು ಬರೆದಿದ್ದ ‘ನೂರಕ್ಕೆ ಹತ್ತು’ ಸಾಲನ್ನು ತೆಗೆಸಿಹಾಕಿದೆ.

ಒಂದು ವಾರ ಪುಟ ಮೇಲೆ ಮೇಲೆ ಬಂತು. ನಾನು ಮೀಸೆ ತಿರುವುತ್ತಾ ಓಡಾಡಿದೆ. ಎರಡನೇ ವಾರ ಪುಟವೇ ಇಲ್ಲ. ನರ್ಸರಿಯ ಹೆಸರನ್ನೇ ಹೊಡೆದು ಹುಡುಕಿದರೂ ಇಲ್ಲ. ಹುಡುಕುವ ಯಂತ್ರ ನಮ್ಮನ್ನು ಪಂಕ್ತಿಯಿಂದ ಎಬ್ಬಿಸಿ ಹೊರಗೆ ಹಾಕಿತ್ತು.

ಪರೀಕ್ಷೆ ಮುಗಿಸಿದ ಶಿಲ್ಪ ನೆಟ್ ಸೆಂಟರಿನಲ್ಲಿ ಎಲ್ಲ ನೋಡಿ ಬಂದಳು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. “ತಾತಾ, ಬುಟ್ಟಿ ಅಡೀಲಿ ಹುಲ್ಲು ತುಂಬಿ ಮೇಲೆ ನಾಲ್ಕು ಹಣ್ಣು ಇಡೋರನ್ನ ಕಂಡ್ರೆ ನೀನು ಏನಂತೀಯ?” ಎಂದಳು. ನಾನು ಏನನ್ನುತ್ತೇನೆ ಎಂಬುದನ್ನು ಇಲ್ಲಿ ಬರೆಯಲಾಗುವುದಿಲ್ಲ. “ಆ ಯಂತ್ರಾನೂ ಅದನ್ನೇ ಅಂದಿದೆ, ಅಷ್ಟೆ” ಎಂದಳು.

ನನ್ನ ಹೆಂಡತಿ ನಾರಾಯಣಮ್ಮ ಗಡಿಯಾಚೆಯ ಊರಿನವಳು, ಕೋಪ ಬಂದರೆ ತೆಲುಗಿಗೆ ಹೊರಳುತ್ತಾಳೆ. ಅವತ್ತು ಇಡೀ ಸಂಜೆ ತೆಲುಗಿನಲ್ಲೇ ಇದ್ದಳು.

ಶಿಲ್ಪ ನೂರು ಸಲದ ಕೂಗನ್ನು ಕಿತ್ತಳು, ಬಿಳಿ ಅಕ್ಷರ ಅಳಿಸಿದಳು, ಊರೂರಿನ ಸುಳ್ಳು ಪುಟಗಳನ್ನು ಮುಚ್ಚಿದಳು. ತಪ್ಪಾಯಿತು, ಸರಿ ಮಾಡಿದ್ದೇವೆ, ಇನ್ನೊಮ್ಮೆ ನೋಡಿ ಎಂದು ಯಂತ್ರದವರಿಗೆ ಬರೆದಳು. ‘ನೂರಕ್ಕೆ ಹತ್ತು’ ಸಾಲನ್ನು ವಾಪಸ್ಸು ಇಟ್ಟಳು. ಮೊದಲ ಫಸಲಿನ ಬುಟ್ಟಿ ತಂದವರು ಹೇಳಿದ ಮಾತುಗಳನ್ನು, ಅವರನ್ನು ಕೇಳಿಯೇ, ಬರೆದಳು. ಒಬ್ಬ ಮೇಷ್ಟರು ತಮ್ಮದೇ ಪುಟದಲ್ಲಿ ನಮ್ಮ ಸಸಿಯ ಬಗ್ಗೆ ನಾಲ್ಕು ಸಾಲು ಹಾಕಿದರು. ಹೊಗಳಿಸಿಕೊಳ್ಳುವುದಕ್ಕೂ ಹೊಗಳಿಕೆ ತಾನಾಗಿ ಬರುವುದಕ್ಕೂ ವಾಟೆ ಸಸಿಗೂ ಕಸಿ ಸಸಿಗೂ ಇರುವಷ್ಟೇ ವ್ಯತ್ಯಾಸ.

ತಿಂಗಳುಗಳು ಹೋದವು. ದಿನಾ ಸಂಜೆ ಅವಳು ಬಸ್ಸಿಳಿಯುವಾಗ “ಬಂತಾ?” ಎಂದು ಕೇಳುತ್ತಿದ್ದೆ. ಕೊನೆಗೊಂದು ದಿನ, “ತಾತಾ, ಕಸಿ ಕಟ್ಟಿದ ಮೇಲೆ ದಿನಾ ಪಟ್ಟಿ ಬಿಚ್ಚಿ ನೋಡ್ತೀಯಾ?” ಎಂದಳು. ಬಿಚ್ಚಿ ನೋಡಿದರೆ ಕುಡಿ ಒಣಗುತ್ತದೆ. ಅದು ನಾನೇ ಅವಳಿಗೆ ಕಲಿಸಿದ ಪಾಠ. ಅವಳು ಅದನ್ನು ನನಗೇ ಕಟ್ಟಿದಳು, ಬಿಗಿಯಾಗಿ. ಅತ್ತ ವೆಂಕಟೇಶ ಟೊಮೇಟೊ ಸಸಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಲು ಶುರುಮಾಡಿದ್ದ.

ಇವತ್ತು ಬೆಳಿಗ್ಗೆ ಅವನ ಮೊಬೈಲಿಗೆ ಒಂದು ಫೋನು ಬಂತು. ತಿಪಟೂರಿನ ಕಡೆಯ ಒಬ್ಬ ಹೆಣ್ಣುಮಗಳು. ಎರಡು ಎಕರೆಗೆ ಸಸಿ ಬೇಕಂತೆ. ಬೇರೆ ಎಲ್ಲ ಕಡೆ ಒಂದೂ ಸಾಯುವುದಿಲ್ಲ ಎಂದು ಬರೆದಿದ್ದಾರಂತೆ. “ನೂರಕ್ಕೆ ಹತ್ತು ಸಾಯ್ತವೆ ಅಂತ ಬರ್ದಿರೋರು ನೀವೊಬ್ರೇ. ಹಂಗಾದ್ರೆ ಮಿಕ್ಕ ತೊಂಬತ್ತು ಉಳೀತವೆ ಅಂತ ಧೈರ್ಯ ಬಂತು” ಎಂದರಂತೆ. ಶಿಲ್ಪ ಕೋಲಾರಕ್ಕೆ ಓಡಿಹೋಗಿ ನೋಡಿ, ಅಲ್ಲಿಂದಲೇ ಫೋನಿನಲ್ಲಿ ಕೂಗಿ ಹೇಳಿದಳು: ಮೂರನೆಯದು! ವೆಂಕಟೇಶ ಫೋನು ಜೇಬಿಗಿಟ್ಟುಕೊಂಡು ಮಡಿಗಳ ನಡುವೆ ಸುಮ್ಮನೆ ಒಂದು ಸುತ್ತು ಹಾಕಿ ಬಂದ. “ಟೊಮೇಟೊನ ಕೆರೆ ಪಕ್ಕದ ಹೊಲಕ್ಕೇ ಹಾಕೋಣ ಬಿಡಪ್ಪ” ಎಂದ. ನಾನು ಚಾಕು ಮಸೆಯುವವನ ಹಾಗೆ ತಲೆ ಬಗ್ಗಿಸಿದೆ. ಕಣ್ಣು ಮಂಜಾಗಿತ್ತು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಮಸ್ಸೊಪ್ಪು, ಪಕ್ಕದಲ್ಲಿ ಹೆಚ್ಚಿದ ಮಲ್ಲಿಕಾ ಹಣ್ಣು. ಈ ಎಪ್ಪತ್ತು ದಾಟಿದ ಕೈಯಲ್ಲಿ ಇನ್ನೂ ಚಾಕು ನಿಲ್ಲುತ್ತದೆ, ತಪ್ಪು ಮಾಡಿದ ತಾತನಿಗೆ ಮೊಮ್ಮಗಳು ಪಕ್ಕದಲ್ಲೇ ಜಾಗ ಇಟ್ಟಿದ್ದಾಳೆ. ಮನುಷ್ಯನಿಗೆ ಇನ್ನೇನು ಬೇಕು? ಇನ್ನೊಂದು ಮುದ್ದೆ ಬೇಕು. “ನಾರಾಯಣಮ್ಮಾ, ಮುದ್ದೆ! ಮುದ್ದೆ ತಾರೇ, ಮುದ್ದೆ…” ಎಂದೆ.

“ಚಾಲು!” ಎಂದು ಅವಳು ತೆಲುಗಿನಲ್ಲಿ ‘ಸಾಕು’ ಅಂದಳು. “ಇನ್ನೊಂದ್ ಸಲ ಅಂದ್ರೆ ನಾನೂ ಎಬ್ಬಿಸಿ ಹೊರಗಾಕ್ತೀನಿ, ನಿನ್ ಮೊಮ್ಮಗಳ ಯಂತ್ರದ ಹಂಗೆ.”

ಶಿಲ್ಪಳಿಗೆ ನಗು ತಡೆಯದೆ ತುತ್ತು ನೆತ್ತಿಗೆ ಹತ್ತಿತು. ನಾನು ಬಾಯಿ ಮುಚ್ಚಿ ಕೂತೆ.

ಮುದ್ದೆ ತಾನಾಗಿ ಬಂತು. ಅದರ ಮೇಲೆ ತುಪ್ಪವೂ ಇತ್ತು. ಅದನ್ನು ನಾನು ಒಂದು ಸಲವೂ ಕೇಳಿರಲಿಲ್ಲ.