ಹಾಡಹಗಲೇ ಫ್ಯೂಸ್ ಕಿತ್ತ ಆಮೇಲೇನಕ್ಕ

ಆಂಬುಲೆನ್ಸ್ ಕರೆ ಕೇಂದ್ರದ ಸರ್ವರ್ ಕೋಣೆ ನೋಡಿಕೊಳ್ಳುತ್ತಿದ್ದವಳನ್ನು ನಾವೆಲ್ಲ ಆಮೇಲೇನಕ್ಕ ಎಂದೇ ಕರೆಯುತ್ತಿದ್ದೆವು. ಯಾವ ಯಂತ್ರ ತೋರಿಸಿದರೂ ಅವಳದು ಒಂದೇ ಪ್ರಶ್ನೆ: "ಇದು ಕೈಕೊಟ್ರೆ ಆಮೇಲೇನು?" ಅವಳ ಅಪ್ಪ ಲಿಫ್ಟ್ ಮೆಕ್ಯಾನಿಕ್. ಒಂದು ಹಗ್ಗ ಸಾಕಾಗುವ ಕಡೆ ಐದಾರು ಯಾಕಿರುತ್ತವೆಂದು ಮಗಳನ್ನು ಜೊತೆಗೆ ಕರೆದೊಯ್ದು ತೋರಿಸಿದ್ದರಂತೆ.

ನಮ್ಮಲ್ಲಿ ಸರ್ವರ್ ಎರಡಿದ್ದವು. ಕರೆ ಮಾಡಿದವರ ವಿಳಾಸ, ಹತ್ತಿರದ ಗಾಡಿ, ಹೋಗುವ ದಾರಿ ಎಲ್ಲವನ್ನೂ ಮೊದಲನೆಯದು ತೋರಿಸುತ್ತಿತ್ತು. ಅದು ಮಲಗಿದರೆ ಎರಡನೆಯದು ಕೆಲಸ ವಹಿಸಿಕೊಳ್ಳಬೇಕು. ಹಾಗೆಂದು ಕಾಗದದಲ್ಲಿತ್ತು, ಯಾರೂ ಪರೀಕ್ಷಿಸಿರಲಿಲ್ಲ. ಕರೆಗಳನ್ನು ಪಕ್ಕದ ಊರಿನ ಕೇಂದ್ರಕ್ಕೆ ತಿರುಗಿಸಿ, ಹಾಡಹಗಲೇ ಮೊದಲನೆಯದರ ಫ್ಯೂಸ್ ಕೀಳುತ್ತೇನೆಂದು ಅವಳು ಹೇಳಿದಾಗ ಮೇಲಧಿಕಾರಿ ಹೌಹಾರಿದರು. ಚೆನ್ನಾಗಿರುವುದನ್ನು ಯಾಕಮ್ಮ ಕೆಣಕುತ್ತೀ ಎಂದರು. ಮೂರು ವಾರ ಬೆನ್ನು ಬಿಡದೆ ಒಪ್ಪಿಸಿದಳು.

ಕಿತ್ತಳು. ಎರಡೂ ಸರ್ವರ್ ಒಟ್ಟಿಗೇ ಮಲಗಿದವು. ಎರಡಕ್ಕೂ ಬೇರೆ ಬೇರೆ ವೈರ್ ಇದ್ದರೂ ಗೋಡೆಯೊಳಗೆ ಒಂದೇ ಫ್ಯೂಸಿಗೆ ಸೇರಿದ್ದವು. ಅಧಿಕಾರಿಯ ಮುಖ ಬಿಳಿಚಿಕೊಂಡಿತು.

"ಇವತ್ತೇ ಗೊತ್ತಾಯ್ತಲ್ಲ ಸರ್, ಒಳ್ಳೇದೇ ಆಯ್ತು," ಎಂದಳು ಅವಳು.

ಎರಡನೆಯದನ್ನು ರಸ್ತೆಯಾಚೆಯ ಕಟ್ಟಡಕ್ಕೆ ಸಾಗಿಸಿ, ಅದಕ್ಕೆ ಅದರದೇ ಕರೆಂಟು, ಅದರದೇ ಕೇಬಲ್ ಹಾಕಿಸಿದಳು. ತಿಂಗಳಿಗೊಮ್ಮೆ ಫ್ಯೂಸ್ ಕೀಳುವುದು ಮಾತ್ರ ನಿಲ್ಲಿಸಲಿಲ್ಲ. ಎರಡನೆಯದು ಕೆಲಸಕ್ಕೆ ಇಳಿಯಲು ಮೊದಮೊದಲು ನಾಲ್ಕು ನಿಮಿಷ ಬೇಕಾಗುತ್ತಿತ್ತು. ಒಂದೊಂದೇ ತೊಡಕು ಬಿಡಿಸುತ್ತ ಅದನ್ನು ಏಳು ಸೆಕೆಂಡಿಗೆ ಇಳಿಸಿದಳು.

ಒಂದು ಬುಧವಾರ ಊಟ ಮುಗಿಸಿ, ಕರೆ ತೆಗೆದುಕೊಳ್ಳುವ ನನ್ನ ಮೇಜಿಗೆ ಬಂದು ಕೂತಿದ್ದೆ. ಹೆಂಗಸೊಬ್ಬಳ ಕರೆ ಬಂತು. ಗಂಡ ಕುಸಿದು ಬಿದ್ದಿದ್ದಾನೆ, ಉಸಿರಿಲ್ಲ. ಗಾಡಿ ಕಳಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ಒತ್ತುವಂತೆ ಹೇಳಿ ಸೆಕೆಂಡಿಗೆ ಎರಡರಂತೆ ಎಣಿಸತೊಡಗಿದೆ. ನಡುವೆ ಪರದೆ ಕಪ್ಪಾಯಿತು. ನಾನು ಹದಿನಾಲ್ಕು ಎಣಿಸುವಷ್ಟರಲ್ಲಿ ಮತ್ತೆ ಬೆಳಗಿತು. ಅದೇ ವಿಳಾಸ, ಗಾಡಿಯ ಗುರುತು ಅದೇ ಬೀದಿಗೆ ತಿರುಗುತ್ತಿತ್ತು. ಪರದೆಯೇ ಮಿಣುಕಿತೆಂದುಕೊಂಡು ಎಣಿಕೆ ಮುಂದುವರಿಸಿದೆ. ಗಾಡಿಯವರು ತಲುಪಿದರು. ನಾಡಿ ಸಿಕ್ಕಿತೆಂದು ಅವರು ಹೇಳಿದ ಮೇಲೇ ಕುರ್ಚಿಯಿಂದ ಎದ್ದೆ.

ಹೊರಗೆ ಬಂದರೆ ಪಡಸಾಲೆಯೆಲ್ಲ ನೀರು. ಮೇಲಿನ ಪೈಪ್ ಒಡೆದು ಸರ್ವರ್ ಕೋಣೆಯ ಸೂರೇ ಕಳಚಿ ಬಿದ್ದಿತ್ತು. ಮೊದಲನೆಯ ಸರ್ವರ್ ನೆನೆದ ರದ್ದಿಯಂತೆ ಸತ್ತು ನಿಂತಿತ್ತು. ಬಾಗಿಲಲ್ಲಿ ಆಮೇಲೇನಕ್ಕ, ಚಪ್ಪಲಿ ಕೈಯಲ್ಲಿ ಹಿಡಿದು.

"ಯಾವಾಗ ಹೋಯ್ತಕ್ಕ?"

"ಇಪ್ಪತ್ತು ನಿಮಿಷದ ಮೇಲಾಯ್ತು."

ಅಷ್ಟೂ ಹೊತ್ತು ನಾನು ಓದುತ್ತಿದ್ದುದು ರಸ್ತೆಯಾಚೆಯ ಎರಡನೆಯ ಸರ್ವರಿನಿಂದ ಬಂದದ್ದು. ಆ ಕರೆಯ ಕಥೆ ಹೇಳಿದೆ. ಅವಳು ಗೋಡೆಗೆ ಒರಗಿದಳು.

"ಅವರು ಬದುಕಿದ್ರಾ?"

"ಬದುಕಿದ್ರು ಅಕ್ಕ."

ಒಳಗೆ ನಮ್ಮ ಹದಿನೆಂಟು ಜನ ಫೋನಿನಲ್ಲಿ ಕರೆ ಮಾಡಿದವರ ವಿಳಾಸ ಕೇಳುತ್ತಿದ್ದ ದನಿ ಎಡೆಬಿಡದೆ ಕೇಳಿಬರುತ್ತಿತ್ತು. ನಾವಿಬ್ಬರೂ ಆ ನೀರಲ್ಲೇ ನಿಂತು ಅದನ್ನು ಕೇಳಿದೆವು. ಅಧಿಕಾರಿ ಬಂದರು, ನೋಡಿದರು, ಪ್ಯಾಂಟು ಮಡಚಿಕೊಂಡು ಬಕೆಟ್ ಎತ್ತಿಕೊಂಡರು.